ಹಿಂದಿನ ಸೀಟಿನ ನಕ್ಷೆ ಬರೆದ ಮಹನೀಯರಿಗೆ

ಚೋಂಚಿ, ಚಿಲೋಯೆ ದ್ವೀಪ
ಅಕ್ಟೋಬರ್ ಇಪ್ಪತ್ತೆರಡು

ಮಾನ್ಯರೇ,

ನನ್ನನ್ನು ಬರೆಯಲು ಕೂರಿಸಿದ್ದಕ್ಕೆ ಮೊದಲು ತಮಗೆ ಆಕ್ಷೇಪಣೆ, ಆಮೇಲೆ ನಮಸ್ಕಾರ. ಮೂರನೇ ತರಗತಿ ಮುಗಿಯುವ ಮೊದಲೇ ಅಪ್ಪನ ಜೊತೆ ಹಲಗೆ ಹಿಡಿಯಲು ಹೋದವನು ನಾನು. ಆಮೇಲಿನ ಅರವತ್ತು ವರ್ಷದಲ್ಲಿ ನಾನು ಬರೆದದ್ದೆಂದರೆ ನಾನೇ ಕಟ್ಟಿದ ದೋಣಿಗಳ ಮೂತಿಯ ಮೇಲೆ ಅವುಗಳ ಹೆಸರು, ಅದೂ ಎರಡು ಪದ ಮೀರಿದರೆ ಬೇರೆ ಯಾರನ್ನಾದರೂ ನೋಡಿಕೊ ಎಂದು ದೋಣಿಯ ಯಜಮಾನನನ್ನು ಕಳಿಸುತ್ತಿದ್ದೆ. ಪುಯೆರ್ತೊ ಮೋಂತ್‌ನಲ್ಲಿರುವ ತಮ್ಮ ಕಾರಿನ ಮಳಿಗೆಯಲ್ಲಿ ನಾನು ಒಂದು ಗಂಟೆ ಹೊತ್ತು ರಸ್ತೆಯ ಆಚೆಯ ಬೇಕರಿಯವರಿಗೂ ಕೇಳುವಂತೆ ನನ್ನ ದೂರು ಹೇಳಿದ ಮೇಲೆ, ಕೌಂಟರಿನ ಹುಡುಗಿ ಉಗುರು ನೋಡಿಕೊಳ್ಳುತ್ತ, "ಬಾಯಲ್ಲಿ ಹೇಳಿದ್ದು ದೂರು ಆಗಲ್ಲ ಯಜಮಾನ್ರೆ, ಬರೆದು ತನ್ನಿ" ಎಂದಳು. ಹಾಗಾದರೆ ಅಷ್ಟು ಹೊತ್ತು ನಾನು ಹೇಳಿದ್ದು ಏನಂತೆ, ಹಾಡೇ?

ಹೀಗಾಗಿ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ. ನನ್ನ ಹೆಂಡತಿ ದೊಮಿತಿಲಾ ಒಲೆಗೆ ಸೌದೆ ಹಾಕುತ್ತ, "ಮೊದ್ಲು ಮಾನ್ಯರೇ ಅಂತ ಬರೀರಿ, ಬೈಯೋದು ಆಮೇಲೆ ಇದ್ದೇ ಇದೆ" ಎಂದಿದ್ದರಿಂದ ಹಾಗೆ ಬರೆದಿದ್ದೇನೆ. ಕಾಗುಣಿತದ ತಪ್ಪು ನನ್ನದು, ಸೀಟಿನ ತಪ್ಪು ತಮ್ಮದು, ಎರಡನ್ನೂ ಬೆರೆಸಬೇಡಿ. ತಮ್ಮ ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ, ಬರೆದರೆ ಬಿಟ್ಟಿ ಜಾಹೀರಾತು ಆದೀತು. ಆದರೆ ಇದರ ಒಂದು ಪ್ರತಿಯನ್ನು, ಮಧ್ಯಾಹ್ನ ಹೊತ್ತು ಸುತ್ತಲಿನ ದ್ವೀಪಗಳ ಜನರಿಗೆ ಸಂದೇಶ ಓದುವ ರೇಡಿಯೊದವರಿಗೂ ಕೊಟ್ಟಿದ್ದೇನೆ. ಯಾರ ಹಸು ಕರು ಹಾಕಿತು, ಯಾರ ಚಿಕ್ಕಮ್ಮ ಗುರುವಾರದ ದೋಣಿಗೆ ಬರುತ್ತಾಳೆ ಎಂಬ ಸುದ್ದಿಗಳ ನಡುವೆ ತಮ್ಮ ಸೀಟಿನ ಸುದ್ದಿಯೂ ನಾಲ್ಕು ಜನರ ಕಿವಿಗೆ ಬೀಳಲಿ.

ಈಗ ವಿಷಯ. ನನ್ನ ಮಗಳು ನೊಯೆಮಿ ಹಡಗಿನಲ್ಲಿ ಅಡುಗೆಯವಳು. ದಕ್ಷಿಣದ ಕಾಲುವೆಗಳಲ್ಲಿ ಜನ, ಲಾರಿ, ಕುರಿ ಸಾಗಿಸುವ ಆ ಹಡಗು ಪ್ರತಿ ಶನಿವಾರ ಕೆಯ್ಯೋನ್ ಬಂದರಿಗೆ ಹತ್ತಕ್ಕೆ ಬಂದು ಒಂದಕ್ಕೆ ಹೊರಡುತ್ತದೆ. ಅವಳಿಗೆ ಮೂವರು ಮಕ್ಕಳು: ದೊಡ್ಡವಳು ಒರಿಯಾನಾ, ಐದು ವರ್ಷ; ಆಮೇಲೆ ಅವಳಿ ಗಂಡುಮಕ್ಕಳು ಗಾಸ್ಪರ್ ಮತ್ತು ಬೆನಿತೊ, ಎರಡೂವರೆ. ಅವರ ಅಪ್ಪನ ವಿಚಾರ ಈ ಪತ್ರಕ್ಕೆ ಬೇಡ, ಕಾಗದ ಹಾಳು. ವಾರದ ಆರು ದಿನ ಮಕ್ಕಳಿಗೆ ನಾವೇ, ಏಳನೆಯ ದಿನ ಮೂರು ಗಂಟೆ ಹೊತ್ತು ಅಮ್ಮ. ಆ ಮೂರು ಗಂಟೆಗಾಗಿ ಅವಳು ಆರು ದಿನ ಈರುಳ್ಳಿ ಹೆಚ್ಚುತ್ತಾಳೆ, ಇವರು ಆರು ದಿನ ಬೆರಳು ಎಣಿಸುತ್ತಾರೆ.

ಮೊದಲು ನನ್ನ ಹಳೆಯ ಪಿಕಪ್‌ನಲ್ಲಿ ಎಲ್ಲರೂ ಒಂದೇ ಸೀಟಿನ ಮೇಲೆ ಒತ್ತಿಕೊಂಡು ಹೋಗುತ್ತಿದ್ದೆವು. ಒಂದು ಶನಿವಾರ ಪೊಲೀಸಿನವ ಕೈ ಅಡ್ಡ ಹಿಡಿದ. ನಾನು ಕಟ್ಟಿದ ದೋಣಿಯಲ್ಲಿ ಅವನ ಮಾವ ಮೀನು ಹಿಡಿಯುತ್ತಾನೆ, ಆದ್ದರಿಂದ ದಂಡ ಹಾಕದೆ ಬುದ್ಧಿ ಹೇಳಿದ: "ದೋನ್ ರುಪೆರ್ತೊ, ಒಂಬತ್ತು ತುಂಬದ ಮಕ್ಕಳಿಗೆ ಒಂದೊಂದು ಮಕ್ಕಳ ಸೀಟು ಬೇಕೇ ಬೇಕು, ಮುಂದೆ ಕೂರಿಸೋ ಹಾಗಿಲ್ಲ. ಬ್ರೇಕ್ ಹಾಕಿದ್ರೆ ಈ ಮರಿಗಳು ಗಾಜು ಒಡ್ಕೊಂಡು ಹೊರಗೆ ಹೋಗ್ತವೆ, ನಿಮ್ಗೆ ಅದು ಬೇಕಾ?" ನನಗೆ ಬೇಡ. ಕಾನೂನು ಸರಿಯಾಗಿದೆ, ನನ್ನ ದೂರು ಕಾನೂನಿನ ಮೇಲಲ್ಲ, ತಮ್ಮ ಮೇಲೆ. ನೊಯೆಮಿ ಮೂರು ಒಳ್ಳೆಯ ಸೀಟು ಕೊಂಡಳು. ನಾನು ಪಿಕಪ್ ಕೊಟ್ಟು, ಮೇಲೆ ಎರಡು ದೋಣಿಯ ದುಡಿಮೆ ಸುರಿದು ತಮ್ಮ ಕಾರು ಕೊಂಡೆ.

ಕೊಳ್ಳುವಾಗ ತಮ್ಮ ಮಾರಾಟಗಾರ ಫಾಬ್ರಿಸಿಯೊ ಎಂಬ ಚೂಪು ಬೂಟಿನ ಮಹಾನುಭಾವರು ನನಗೆ ತೋರಿಸದೆ ಬಿಟ್ಟದ್ದು ಏನೂ ಇಲ್ಲ. ಹಿಂದಿನ ಡಿಕ್ಕಿಯನ್ನು ಕಾಲು ಬೀಸಿ ತೆರೆಯಬಹುದೆಂದು ಮೂರು ಸಲ ಕಾಲು ಬೀಸಿದರು. "ನಾಲ್ಕು ಸೂಟ್‌ಕೇಸ್ ಹಿಡಿಸುತ್ತೆ ಯಜಮಾನ್ರೆ" ಎಂದರು. ನನ್ನ ಬಳಿ ಇರುವುದು ಸೂಟ್‌ಕೇಸಲ್ಲ ಸ್ವಾಮಿ, ಮಕ್ಕಳು, ಎಂದೆ. "ಇದು ಪಕ್ಕಾ ಕುಟುಂಬದ ಕಾರು, ಐದು ಜನ ಆರಾಮು" ಎಂದು ಬಾಗಿಲು ಬಡಿದು ತೋರಿಸಿದರು. ಬಾಗಿಲಿನ ಸದ್ದು ನಿಜಕ್ಕೂ ಚೆನ್ನಾಗಿತ್ತು.

ಇಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನು ಒಂದೇ ಸಲ ಹೇಳುತ್ತೇನೆ, ಮತ್ತೆ ಕೇಳಬೇಡಿ. ದೋಣಿಯ ಅಗಲವನ್ನು ನಾವು ಅದರ ಹೊಟ್ಟೆ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿ ಹಿಡಿಯುತ್ತೇವೆ. ಕೆಳಗೆ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ, ಕೆಳಗೆ ಕಿರಿದಾಗಿದ್ದರೇ ನೀರು ಸೀಳುವುದು. ಅದೇ ಅಭ್ಯಾಸದಲ್ಲಿ ನಾನು ಕಾರನ್ನೂ ಭುಜದ ಎತ್ತರದಲ್ಲಿ, ಈ ಬಾಗಿಲಿನಿಂದ ಆ ಬಾಗಿಲಿಗೆ ಅಳೆದೆ: ನೂರ ನಲವತ್ತೆರಡು ಸೆಂಟಿಮೀಟರ್. ಮೂರು ಸೀಟು ಒಟ್ಟಿಗಿಟ್ಟರೆ ನೂರ ಮೂವತ್ತೆರಡು. ಹತ್ತು ಸೆಂಟಿಮೀಟರ್ ಗಾಳಿಯಾಡಲು ಉಳಿಯಿತು ಎಂದು ಸಹಿ ಹಾಕಿದೆ. ಮನೆಗೆ ತಂದು ಸೀಟು ಇಡಲು ಹೋದರೆ, ಬುಡದಲ್ಲಿ ಬಾಗಿಲಿನ ಕೈಯಾಸರೆ ಎರಡೂ ಕಡೆಯಿಂದ ಒಳಗೆ ಚಾಚಿ, ಉಳಿದದ್ದು ನೂರ ಇಪ್ಪತ್ತೈದು. ಏಳು ಸೆಂಟಿಮೀಟರ್ ಕಡಿಮೆ, ನನ್ನ ಕೈಯ ಅಳತೆಯಲ್ಲಿ ನಾಲ್ಕು ಬೆರಳು. ದೊಮಿತಿಲಾ ಅಂಗಳದಲ್ಲಿ ನಿಂತು, "ಅಲ್ರೀ ಮುದ್ಕಪ್ಪ, ದೋಣಿ ಅಳೆದ ಹಾಗೆ ಅಳೆದ್ರಾ? ಇನ್ನು ಹುಟ್ಟು ಹಾಕ್ಕೊಂಡು ಹೋಗಿ ಕೆಯ್ಯೋನ್‌ಗೆ" ಎಂದಳು. ನಲವತ್ತೇಳು ವರ್ಷದ ಸಂಸಾರದಲ್ಲಿ ಅವಳಿಗೆ ಇಷ್ಟು ಖುಷಿ ಕೊಟ್ಟ ದಿನ ಇನ್ನೊಂದಿಲ್ಲ.

ಆದರೆ ಮಾನ್ಯರೇ, ನಾನು ದೋಣಿ ಕಟ್ಟುವವನು, ದೋಣಿ ಅಳೆದಂತೆ ಅಳೆದೆ. ತಮ್ಮ ಪುಸ್ತಿಕೆಯಲ್ಲೂ ಅದೇ ನೂರ ನಲವತ್ತೆರಡು ಅಚ್ಚಾಗಿದೆ. ತಾವು ಯಾವ ದೋಣಿ ಕಟ್ಟಿದ್ದೀರಿ? ತಮ್ಮ ದೇಶದಲ್ಲಿ ಜನ ಭುಜದ ಮೇಲೆ ಕೂರುತ್ತಾರೆಯೇ?

ಮೂರನೆಯ ಸೀಟನ್ನು ಹೇಗೋ ಒತ್ತಿ ಇಟ್ಟೆವು ಎನ್ನಿ. ಆಗ ಬೆಲ್ಟಿನ ಬಕಲ್ ಎರಡು ಸೀಟಿನ ನಡುವೆ ಹೂತುಹೋಗುತ್ತದೆ. ಅದನ್ನು ಹುಡುಕಲು ಹೋಗಿ ನನ್ನ ಬಲಗೈಯ ಗೆಣ್ಣುಗಳ ಚರ್ಮ ಅಲ್ಲೇ ಉಳಿದಿದೆ, ಬೇಕಿದ್ದರೆ ತಾವು ಬಂದು ತೆಗೆದುಕೊಳ್ಳಬಹುದು. ನಾನು ಹೊರಗಿನಿಂದ ಸೊಂಟ ಕೊಟ್ಟು, ದೊಮಿತಿಲಾ ಆ ಕಡೆಯಿಂದ ಸೊಂಟ ಕೊಟ್ಟು ಬಾಗಿಲು ಮುಚ್ಚಿದರೆ, ಕಾರಿನೊಳಗೆ ದನಿಯಾಗಿ ಮಾತ್ರ ಇರುವ ಹೆಂಗಸು ಬಹಳ ಮರ್ಯಾದೆಯಿಂದ "ಹಿಂಬಾಗಿಲು ತೆರೆದಿದೆ" ಎನ್ನುತ್ತಾಳೆ. ಇಷ್ಟು ಸತ್ಯ ಹೇಳುವವಳನ್ನು ಕಾರಿನೊಳಗೆ ಇಟ್ಟು, ಫಾಬ್ರಿಸಿಯೊ ಅವರನ್ನು ಹೊರಗೆ ನಿಲ್ಲಿಸಿದ ತಮ್ಮ ಏರ್ಪಾಡನ್ನು ನಾನು ಮೆಚ್ಚಿದೆ.

ಆದ್ದರಿಂದ ಈಗ ಪಾಳಿ. ಪ್ರತಿ ಶನಿವಾರ ಇಬ್ಬರು ಅಮ್ಮನ ಬಳಿಗೆ, ಒಬ್ಬರು ಅಜ್ಜಿಯ ಬಳಿಗೆ. ಎರಡು ಸಲ ಹೋಗಿ ಬರೋಣವೆಂದರೆ ಹಡಗು ಕಾಯುವುದಿಲ್ಲ. ಬಸ್ಸು ತಲುಪುವ ಹೊತ್ತಿಗೆ ಹಡಗಿನ ಹೊಗೆಯಷ್ಟೇ ಕಾಣುತ್ತದೆ. ಅವಳಿಗಳಲ್ಲಿ ಒಬ್ಬ ಉಳಿದ ದಿನ ಬಾಗಿಲಿಗೆ ಒದೆಯುತ್ತಾನೆ, ಬೆಕ್ಕಿಗೆ ಒದೆಯುತ್ತಾನೆ, ಆಮೇಲೆ ಮಲಗುತ್ತಾನೆ. ಒರಿಯಾನಾ ಉಳಿದ ದಿನ ಒದೆಯುವುದಿಲ್ಲ. ಬೂಟು ಹಾಕಿಕೊಂಡು ಕಾರಿನವರೆಗೆ ಬಂದು, ತಮ್ಮಂದಿರ ಬೆಲ್ಟು ತಾನೇ ಎಳೆದು ನೋಡಿ, ಗಟ್ಟಿಯಾಗಿದೆ ಎಂದು ನನಗೆ ಹೇಳಿ, ಒಳಗೆ ಹೋಗುತ್ತಾಳೆ. ಬಂದರಿನಲ್ಲಿ ನೊಯೆಮಿ ಹಡಗಿನಿಂದ ಇಳಿಯುತ್ತ ಮೊದಲು ಮಾಡುವ ಕೆಲಸ ಎಣಿಸುವುದು. ಎರಡು. ಪ್ರತಿ ಸಲವೂ ಎರಡೇ ಎಂದು ಗೊತ್ತಿದ್ದೂ ಎಣಿಸುತ್ತಾಳೆ.

ನಾನು ಸುಮ್ಮನೆ ಕೂರಲಿಲ್ಲ. ಸೈಪ್ರೆಸ್ ಹಲಗೆಯಲ್ಲಿ ಆ ಮೂರು ಸೀಟುಗಳ ಅಚ್ಚು ಮಾಡಿದೆ, ಬುಡದ ಬಾಗು, ಬೆನ್ನಿನ ಓರೆ, ಎಲ್ಲ ಸಮೇತ. ದೋಣಿಗೂ ನಾವು ಮೊದಲು ಹೀಗೆ ಅಚ್ಚು ಮಾಡಿಯೇ ಪಕ್ಕೆಲುಬಿನ ಮರ ಕೊಯ್ಯುವುದು. ಅವನ್ನು ಹಗ್ಗದಲ್ಲಿ ಬಿಗಿದು, ಒರಿಯಾನಾಳನ್ನೂ ಕರೆದುಕೊಂಡು ಬಸ್ಸಿನಲ್ಲಿ ತಮ್ಮ ಮಳಿಗೆಗೆ ಹೋದೆ. ಮಳಿಗೆಯಲ್ಲಿದ್ದ ಏಳು ಗಾಡಿಯೊಳಗೆ ಇಟ್ಟು ನೋಡಿದೆ. ಒಂದರಲ್ಲಿ ಎರಡು ಹಿಡಿಸಿ ಮೂರನೆಯದು ಮಡಿಲಿಗೆ ಬಂತು, ಒಂದರಲ್ಲಿ ಮುಂದಿನ ಸೀಟು ಸರಿಸಿ ಸರಿಸಿ ಕೊನೆಗೆ ಡ್ರೈವರನ ಮೂಗು ಗಾಜಿಗೆ ತಾಗಬೇಕಾಯಿತು. ಕಾವಲುಗಾರ ಬಂದು, "ಅಜ್ಜಾರೆ, ಇಲ್ಲಿ ಮರ ಮಾರೋ ಹಾಗಿಲ್ಲ" ಎಂದ. ಮೂಲೆಯಲ್ಲಿ ಒಂದು ಎತ್ತರದ ಗಾಡಿ ಇತ್ತು. ಹಿಂದೆ ಮೂರು ಬೇರೆ ಬೇರೆ ಸೀಟು, ಪ್ರತಿಯೊಂದಕ್ಕೂ ತನ್ನದೇ ಬಕಲ್. ಮೂರು ಅಚ್ಚೂ ಕೂತವು, ನಡುವೆ ಒಂದೊಂದು ಬೆರಳು ಸಂದೂ ಉಳಿಯಿತು. ಇದು ಕೊಡಿ, ನನ್ನದು ತಗೊಳ್ಳಿ, ಎಂದೆ. ಫಾಬ್ರಿಸಿಯೊ ಅವರು ಬೇಸರದಿಂದ ಹೇಳಿದರು: "ಅದು ಕುಟುಂಬದ ಗಾಡಿ ಅಲ್ಲ ಯಜಮಾನ್ರೆ. ಪ್ರವಾಸಿಗಳನ್ನ ಹೋಟೆಲ್‌ಗೆ ಸಾಗಿಸೋದು."

ಮಾನ್ಯರೇ, ಈ ವಾಕ್ಯವನ್ನು ನಾನು ಬಸ್ಸಿನಲ್ಲಿ ಮೂರೂವರೆ ಗಂಟೆ ಅಗಿದಿದ್ದೇನೆ, ಇನ್ನೂ ನುಂಗಲಾಗಿಲ್ಲ. ಕುಟುಂಬ ಹಿಡಿಸದಿದ್ದರೆ ಕುಟುಂಬದ ಗಾಡಿ, ಹಿಡಿಸಿದರೆ ಹೋಟೆಲಿನದು.

ಬದಲಾಯಿಸಿ ಕೊಡಲು ಬರುವುದಿಲ್ಲವಂತೆ, ಏಕೆಂದರೆ ಕಾರಿನಲ್ಲಿ ದೋಷವಿಲ್ಲವಂತೆ. ಹಾಗಾದರೆ ದೋಷ ಯಾರಲ್ಲಿ ಎಂದು ಕೇಳಿದ್ದಕ್ಕೆ ಫಾಬ್ರಿಸಿಯೊ ಅವರು, "ನೋಡಿ, ನಡುವೆ ಕೂರೋರು ಸ್ವಲ್ಪ ಸಣ್ಣ ಇದ್ರೆ ಏನೂ ತೊಂದರೆ ಇಲ್ಲ" ಎಂದು ನಕ್ಕರು. ತಮಾಷೆಗೆ ಹೇಳಿದ್ದು, ಒಪ್ಪುತ್ತೇನೆ. ಪಕ್ಕದಲ್ಲಿ ಮರದ ಅಚ್ಚಿನ ಮೇಲೆ ಕೂತು ಕಾಲು ಆಡಿಸುತ್ತಿದ್ದ ಒರಿಯಾನಾ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಆ ಸಂಜೆ ಚಹಾದ ಹೊತ್ತಿಗೆ ಅಜ್ಜಿ ಬಿಸಿ ಆಲೂಗಡ್ಡೆ ರೊಟ್ಟಿ ಇಟ್ಟರೆ ಅರ್ಧ ಮುರಿದು ತಮ್ಮನ ತಟ್ಟೆಗೆ ಹಾಕಿದಳು. ಮರುದಿನವೂ ಹಾಗೆಯೇ. ಮೂರನೆಯ ದಿನ ನಾನು ಗದರಿದ್ದಕ್ಕೆ, "ಇನ್ನೆಷ್ಟು ಸಣ್ಣ ಆದ್ರೆ ಹಿಡಿಸ್ತೀನಿ ತಾತಾ?" ಎಂದಳು.

ಈ ಪ್ರಶ್ನೆ ತಮ್ಮದು, ಅದಕ್ಕೇ ತಮಗೆ ಕಳಿಸುತ್ತಿದ್ದೇನೆ. ಎಷ್ಟು ಸೆಂಟಿಮೀಟರ್ ಎಂದು ಬರೆಯಿರಿ, ನಾನು ಅವಳಿಗೆ ಓದಿ ಹೇಳುತ್ತೇನೆ.

ತಮಗೆ ತೊಂದರೆ ಕೊಡಬಾರದೆಂದು ಒಂದು ದಾರಿಯನ್ನು ನಾನೇ ಯೋಚಿಸಿದ್ದೇನೆ. ದೋಣಿ ಚಿಕ್ಕದಾಯಿತೆಂದು ಯಜಮಾನ ಬಂದರೆ ನಾವು ಅದನ್ನು ನಡುವೆ ಕೊಯ್ದು, ಎರಡು ತುಂಡು ದೂರ ಸರಿಸಿ, ಹೊಸ ಪಕ್ಕೆಲುಬು ಕೂರಿಸಿ ಮುಚ್ಚುತ್ತೇವೆ; ಹಾಗೆ ಕೊಯ್ದ ಹನ್ನೊಂದು ದೋಣಿ ಇವತ್ತಿಗೂ ನೀರಿನ ಮೇಲಿವೆ. ತಮ್ಮ ಕಾರನ್ನು ಅಡ್ಡಕ್ಕಲ್ಲ, ಮೂತಿಯಿಂದ ಬಾಲದವರೆಗೆ ಉದ್ದಕ್ಕೆ ಕೊಯ್ದು ನಾಲ್ಕು ಬೆರಳು ಹಲಗೆ ಸೇರಿಸಬೇಕು, ಅಷ್ಟೆ. ಆಳಿಗೆ ಕೊರತೆಯಿಲ್ಲ. ನಮ್ಮಲ್ಲಿ ಮಿಂಗಾ ಎಂದು ಕರೆದರೆ ಊರೇ ಬರುತ್ತದೆ, ಕೂಲಿಯಿಲ್ಲ, ಹೊಟ್ಟೆ ತುಂಬ ಊಟ ಹಾಕಿದರೆ ಸಾಕು; ಹಾಗೆಯೇ ನಾವು ಎರಡು ಅಂತಸ್ತಿನ ಮನೆಯನ್ನು ಎತ್ತು ಕಟ್ಟಿ ಎಳೆದು ಕೊಲ್ಲಿಯ ಆ ದಡಕ್ಕೆ ದಾಟಿಸಿದ್ದೇವೆ, ಒಂದು ಗಾಜೂ ಬಿರಿಯಲಿಲ್ಲ. ತಾವು ತಿಳಿಸಬೇಕಾದ್ದು ಇಷ್ಟು: ಕೊಯ್ದ ಮೇಲೂ ಗ್ಯಾರಂಟಿ ಇರುತ್ತದೆಯೇ, ನಂಬರ್ ಪ್ಲೇಟನ್ನು ಯಾವ ಎರಡು ಅಂಕಿಗಳ ನಡುವೆ ಕೊಯ್ಯುವುದು, ಒಳಗಿನ ಹೆಂಗಸನ್ನು ಎಡಭಾಗದಲ್ಲಿ ಇಡುವುದೋ ಬಲಭಾಗದಲ್ಲೋ. ತಾವೂ ದಯಮಾಡಿಸಿದರೆ ಗರಗಸದ ಒಂದು ತುದಿ ತಮ್ಮ ಕೈಗೇ ಕೊಡುತ್ತೇನೆ. ಊಟಕ್ಕೆ ಚಿಪ್ಪುಮೀನು, ಹೊಗೆಯಾಡಿಸಿದ ಹಂದಿಮಾಂಸ ಇರುತ್ತದೆ.

ಅದು ಬೇಡವೆಂದರೆ ಆ ಹೋಟೆಲಿನ ಗಾಡಿ ಕೊಡಿ. ವ್ಯತ್ಯಾಸದ ಹಣಕ್ಕೆ ಒಂದು ದೋಣಿ ಕಟ್ಟಿ ಕೊಡುತ್ತೇನೆ. ಅದರಲ್ಲಿ ಎಷ್ಟು ಜನ ಕೂರಬಹುದೆಂದು ಹೇಳುತ್ತೇನೋ ಅಷ್ಟು ಜನ ಕೂರಬಹುದು.

ಅವಸರಕ್ಕೆ ಕಾರಣವಿದೆ. ನವೆಂಬರ್ ಹದಿನಾಲ್ಕು ಶನಿವಾರ, ಒರಿಯಾನಾಗೆ ಆರು ತುಂಬುತ್ತದೆ. ಹಡಗಿನ ಒಲೆಯಲ್ಲಿ ಕೇಕ್ ಮಾಡಲು ನೊಯೆಮಿ ಕಪ್ತಾನನ ಅಪ್ಪಣೆ ಪಡೆದಿದ್ದಾಳೆ. ಪಾಳಿಯ ಪ್ರಕಾರ ಆ ಶನಿವಾರ ಮನೆಯಲ್ಲಿ ಉಳಿಯಬೇಕಾದವಳು ಒರಿಯಾನಾ. ಪಾಳಿ ಬದಲಿಸೋಣ ಮಗಳೇ ಎಂದರೆ ಒಪ್ಪುವುದಿಲ್ಲ; "ಬೆನಿತೊ ಹೋದ್ ವಾರಾನೇ ಅತ್ತಿದ್ದಾನೆ ತಾತ, ಮತ್ತೆ ಅವನನ್ನೇ ಬಿಡೋದಾ? ಪಾಳಿ ಅಂದ್ರೆ ಪಾಳಿ" ಎನ್ನುತ್ತಾಳೆ. ಹಟದಲ್ಲಿ ಅವಳು ನನ್ನ ಮೊಮ್ಮಗಳು, ನ್ಯಾಯದಲ್ಲಿ ಯಾರ ಮೊಮ್ಮಗಳೋ ತಿಳಿಯದು. ಆ ದಿನ ನೊಯೆಮಿ ಕೆಳಗಿಳಿದು ಎಣಿಸಿದಾಗ ಮೂರು ಬರಬೇಕು. ನನಗೆ ಬೇಕಾದ್ದು ಅದೊಂದೇ, ಉಳಿದ ಬೈಗುಳವನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಲು ಸಿದ್ಧನಿದ್ದೇನೆ.

ಕೊಡುತ್ತೀರೋ, ಕೊಯ್ಯಲೋ, ಒಂದು ಮಾತಿನಲ್ಲಿ ಹೇಳಿ.

ನಾಲ್ಕು ಬೆರಳು ಕಡಿಮೆಯಾದರೂ
ತಮ್ಮ ವಿಶ್ವಾಸಿ,
ರುಪೆರ್ತೊ ಚಿಗ್ವಾಯ್
ದೋಣಿ ಕಟ್ಟುವವನು

ಮ.ವಿ.: ತಮ್ಮ ಪುಸ್ತಿಕೆಯ ಮೇಲೆ ನಗುತ್ತಿರುವ ಕುಟುಂಬವನ್ನು ದೊಮಿತಿಲಾ ಕನ್ನಡಕ ಹಾಕಿ ನೋಡಿದಳು. ಅಪ್ಪ, ಅಮ್ಮ, ಎರಡು ಮಕ್ಕಳು, ನಡುವೆ ಒಂದು ನಾಯಿ. ನಾಯಿ ಆರಾಮಾಗಿ ಕೂತಿದೆ. ಅವರು ಮೂರನೆಯ ಮಗುವನ್ನು ಯಾರ ಮನೆಯಲ್ಲಿ ಬಿಟ್ಟು ಬಂದಿದ್ದಾರೋ ಆ ವಿಳಾಸ ಕೊಟ್ಟರೆ, ಅದಕ್ಕೊಂದು ಜೊತೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸುತ್ತಾಳಂತೆ. ಅದಕ್ಕೆ ಅವಸರವಿಲ್ಲ. ನನ್ನ ಪತ್ರಕ್ಕೆ ಉತ್ತರ ಮಾತ್ರ ನವೆಂಬರ್ ಹತ್ತು, ಮಂಗಳವಾರದೊಳಗೆ ಬರಬೇಕು. ಬರಹದಲ್ಲಿ.