ಚೀಟಿಯ ಕೆಳಗಿನ ಸಹಿ

ಅಷ್ಟೂ ರಾದ್ಧಾಂತಕ್ಕೆ ಕಾರಣ ಬೆರಳಗಲದ ಒಂದು ಕಾಗದದ ಚೀಟಿ.

ಯುದ್ಧವಿಮಾನದ ಮುಂಗಾಜು ಪರೀಕ್ಷಿಸುವ ಆ ಕೋಣೆಯಲ್ಲಿ ಅಳೆಯುವವರು ಇಬ್ಬರೇ. ಗಾಜಿನ ಹಿಂದೆ ಚೌಕಳಿ ಹಲಗೆ, ಮುಂದೆ ಕ್ಯಾಮೆರಾ ನಿಲ್ಲಿಸಿ, ಅದರ ಗೆರೆ ಎಲ್ಲೆಲ್ಲಿ ಬಾಗಿ ಕಾಣುತ್ತದೆಂದು ಹನ್ನೆರಡು ವರ್ಷ ನೋಡಿ ನೋಡಿಯೇ ತಲೆ ಬೋಳಾದ ಗೆರೆಯಣ್ಣ ಒಬ್ಬ. ಮೂರು ವರ್ಷವಾದರೂ ಹೊಸಬನೆಂದೇ ಕರೆಸಿಕೊಳ್ಳುವವನು ಇನ್ನೊಬ್ಬ. ಇಬ್ಬರಲ್ಲೊಬ್ಬರು ಅಂದು ಸಂಜೆ ನಾಲ್ಕಕ್ಕೆ ವಿಭಾಗದ ಮುಖ್ಯಸ್ಥರಾಗಬೇಕು. ಹೊಸಬ ಗರಿಗರಿ ಇಸ್ತ್ರಿ ಅಂಗಿ ತೊಟ್ಟು ಬಂದದ್ದು ಕಂಡೇ ಗೆರೆಯಣ್ಣನ ಹೊಟ್ಟೆ ಉರಿಯತೊಡಗಿತು.

ಸಾಹೇಬರು ಇಬ್ಬರಿಗೂ ಒಂದೊಂದು ಗಾಜು ಕೊಟ್ಟರು. "ಹೋದ ತಿಂಗಳು ಪಾಸಾದವು. ಮತ್ತೆ ಅಳೀರಿ. ಅಳೆದವರ ಸಹಿ ಮೇಲೆ ಚೀಟಿ ಅಂಟಿಸಿದೀನಿ, ಕಿತ್ತು ನೋಡ್ಬೇಡಿ."

ಕಿತ್ತು ನೋಡುವುದೇಕೆ? ತಾನು ಅಳೆದದ್ದನ್ನು ತನಗೇ ಕೊಡುತ್ತಾರೆಯೇ? ಅಂದಮೇಲೆ ಇದು ಹೊಸಬನದೇ! ಸಿಕ್ಕಿಬಿದ್ದ ಮಗ, ಎಂದು ಗೆರೆಯಣ್ಣ ಅಂಗಿಯ ತೋಳು ಮಡಚಿದ.

ಗೆರೆ ಬಾಗಿದ್ದು ಅರ್ಧ ಮಿಲಿಮೀಟರ್. ಒಂದರವರೆಗೆ ಬಾಗಿದರೂ ಗಾಜು ಪಾಸು. ಗೆರೆಯಣ್ಣನ ಮುಖ ಬಾಡಿತು.

"ಏನಣ್ಣಾ, ಗಾಜಿಗೆ ಮೂಗು ಅಂಟಿಸ್ಕೊಂಡು ಕೂತಿದೀರಾ? ಈಗಷ್ಟೇ ಒರೆಸಿದ್ದೆ!" ಎಂದಳು ಕೋಣೆ ಗುಡಿಸುವ ಅಕ್ಕ.

"ತಪ್ಪು ಹುಡುಕ್ತಿದೀನಿ, ಸುಮ್ನಿರಕ್ಕಾ."

"ಆ ಹೊಸಬರದ್ದು ಆಗ್ಲೇ ಮುಗೀತು. ಸಿಳ್ಳೆ ಹಾಕ್ತಾ ಕೂತಿದಾರೆ."

ಆ ಸಿಳ್ಳೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಗೆರೆಯಣ್ಣ ಕ್ಯಾಮೆರಾವನ್ನು ಗುರುತಿನ ಜಾಗದಿಂದ ಎರಡು ಬೆರಳು ಪಕ್ಕಕ್ಕೆ ಸರಿಸಿದ. ಅರ್ಧವಿದ್ದದ್ದು ಒಂದೂವರೆಯಾಯಿತು. ಇನ್ನಷ್ಟು ಸರಿಸಿದ. ಮೂರು! ಖುಷಿಯಿಂದ ಅದನ್ನೇ ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ ಸೇರಿಸಿದ: "ಈ ಗಾಜಿನಲ್ಲಿ ಪೈಲಟ್ ಗುರಿಯಿಡುವುದು ಒಂದು ಕಡೆ, ಏಟು ಬೀಳುವುದು ಇನ್ನೊಂದು ಕಡೆ. ಇದನ್ನು ಪಾಸು ಮಾಡಿದವರ ಕಣ್ಣನ್ನು ತಕ್ಷಣ ಪರೀಕ್ಷಿಸತಕ್ಕದ್ದು."

ನಾಲ್ಕಕ್ಕೆ ಸಾಹೇಬರು ಚೀಟಿ ಕಿತ್ತರು. ಹೊಸಬನ ಗಾಜಿನ ಮೇಲೆ ಹೊಸಬನದೇ ಸಹಿ. ಗೆರೆಯಣ್ಣನ ಗಾಜಿನ ಮೇಲೆ ಬಾಲ ಎಳೆದ, ದುಂಡಗಿನ, ಸ್ವಂತ ಸಹಿ.

"ಅಯ್ಯೋ, ನಂದು ನಂಗೇ ಕೊಟ್ರಾ ಸಾರ್?"

"ಮತ್ತೆ? ಒಬ್ಬರೇ ಎರಡು ಸಲ ಅಳೆದ್ರೆ ಒಂದೇ ಅಳತೆ ಬರತ್ತಾ ಅಂತ ನೋಡ್ಬೇಕಿತ್ತು ಕಣ್ರೀ. ಅವರದ್ದು ಎರಡು ಸಲವೂ ಒಂದೇ. ನಿಮ್ದು ಹೋದ ತಿಂಗಳು ಅರ್ಧ, ಇವತ್ತು ಮೂರು. ಗಾಜಂತೂ ಅದೇ."

ಹೊಸ ಮುಖ್ಯಸ್ಥನಾದ ಹೊಸಬ ಬಂದು ಗೆರೆಯಣ್ಣನ ಹೆಗಲ ಮೇಲೆ ಕೈಯಿಟ್ಟ.

"ಅಣ್ಣಾ, ನೀವು ಹಿರಿಯರು. ನೀವು ಕೆಂಪು ಶಾಯೀಲಿ ಬರೆದ ಮಾತು ಮೀರ್ತೀನಾ? ನನ್ನ ಮೊದಲ ಸಹಿ ಅದಕ್ಕೇ ಹಾಕಿದೀನಿ. ನಾಳೆ ಹತ್ತು ಗಂಟೆಗೆ ಕಣ್ಣಿನ ಡಾಕ್ಟರ ಹತ್ರ ಹೋಗಿ."