ಮೂರನೇ ಮಹಡಿಯ ಮಸೂದೆ

ಉಡುಪಿ ಕಡೆಯಿಂದ ಮದುವೆಯಾಗಿ ಕೋಲ್ಕತ್ತಕ್ಕೆ ಬಂದು ಐವತ್ತು ವರ್ಷ ಆಯಿತು. ಇಲ್ಲಿ ನಾಲ್ಕು ಜನ ಸೇರಿದರೆ ಒಂದು ಸಮಿತಿ ಹುಟ್ಟುತ್ತದೆ. ಸಮಿತಿ ಹುಟ್ಟಿದಲ್ಲಿ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ.

೧. ಕಲಾಪ

ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ನಮ್ಮ ಯಜಮಾನರಿಗೆ ದಿನವಿಡೀ ಟಿವಿಯಲ್ಲಿ ಸಂಸತ್ತಿನ ಕಲಾಪ. ಒಂದು ದಿನ ಕೇಳಿದೆ, "ಬೆಳಿಗ್ಗೆ ಹೊಸ ಮಸೂದೆ ಮಂಡಿಸಿದರಲ್ಲ, ಎಂತ ಆಯ್ತು?"

"ಸಮಿತಿಗೆ ಕಳಿಸಿದರು."

"ಅದರಲ್ಲಿ ಎಂತ ಉಂಟಂತೆ?"

"ಅದನ್ನು ನೋಡಲಿಕ್ಕೇ ಸಮಿತಿ, ಮಾರಾಯ್ತಿ. ಮಂಡಿಸುವ ದಿನವೇ ಎಲ್ಲರೂ ಓದಿಬಿಟ್ಟರೆ ಸಮಿತಿಯವರು ಎಂತ ಮಾಡುವುದು?"

೨. ಮಂಡನೆ

ನಮ್ಮದು ಲಿಫ್ಟ್ ಇಲ್ಲದ ಹಳೇ ಕಟ್ಟಡ. ಎರಡನೇ ಮಹಡಿಯವರೆಗೆ ಮೆಟ್ಟಿಲಿಗೆ ರೇಲಿಂಗ್ ಉಂಟು. ನಾವಿರುವ ಮೂರನೇ ಮಹಡಿ ಆಮೇಲೆ ಕಟ್ಟಿದ್ದು, ಅಲ್ಲಿ ಎರಡೂ ಕಡೆ ಬರೀ ಗೋಡೆ. ಮೊಣಕಾಲು ಕೈಕೊಟ್ಟ ಮೇಲೆ ನಾಲ್ಕು ತಿಂಗಳು ನಾನು ಕೆಳಗಿಳಿದಿರಲಿಲ್ಲ. ದಕ್ಷಿಣೇಶ್ವರದ ಕಾಳಿ ದೇವಸ್ಥಾನದ ಆರತಿಯ ಗಂಟೆ ಕಿವಿಗೆ ಬೀಳುತ್ತದೆ, ಕಾಲು ಹೋಗುವುದಿಲ್ಲ. ಕಟ್ಟಡದ ಕಾರ್ಯದರ್ಶಿಗೆ ಫೋನ್ ಮಾಡಿ, ಒಂದು ರೇಲಿಂಗ್ ಹಾಕಿಸಿಕೊಡಿ ಎಂದೆ. ಅವರೂ ಕಲಾಪ ನೋಡುವವರೇ. ನನ್ನನ್ನು ಕರೆಯುವುದು ಬೌದಿ, ಅಂದರೆ ಅತ್ತಿಗೆ ಎಂದು.

"ಬರೆದು ಕೊಡಿ ಬೌದಿ, ಸಭೆಯಲ್ಲಿ ಮಂಡಿಸೋಣ."

ಮೂರು ಸಾಲು ಬರೆದು ಕೊಟ್ಟೆ. ಸಭೆಯಲ್ಲಿ ಎಲ್ಲರೂ ಒಪ್ಪಿದರಂತೆ.

"ಹಾಗಾದರೆ ಹಾಕಿಸಬಹುದಲ್ಲ, ದಾದಾ?"

"ಒಬ್ಬರೂ ವಿರೋಧಿಸಲಿಲ್ಲ ಬೌದಿ, ಅದಕ್ಕೇ ಸಂಶಯ. ಸಮಿತಿಗೆ ಒಪ್ಪಿಸಿದ್ದೇವೆ."

೩. ಸಮಿತಿ

ಐದು ಜನರ ಸಮಿತಿ. ಮೂರನೇ ಮಹಡಿಯವರಿಗೆ ಸ್ವಾರ್ಥ ಇರುತ್ತದೆಂದು ಐವರನ್ನೂ ಕೆಳಗಿನ ಮಹಡಿಗಳಿಂದಲೇ ಆರಿಸಿದರು. ಅಧ್ಯಕ್ಷರು ನೆಲಮಹಡಿಯವರು. ಅವರು ನಮ್ಮ ಮೆಟ್ಟಿಲು ನೋಡಿದ್ದೇ ಇಲ್ಲ, ಆದ್ದರಿಂದ ನಿಷ್ಪಕ್ಷಪಾತಿ.

ಭಾನುವಾರ ಭಾನುವಾರ ಅವರ ಮನೆಯಲ್ಲಿ ಸಭೆ. ಚಹಾದ ಜೊತೆ ತಿನ್ನಲಿಕ್ಕೆ ಗೋಳಿಬಜೆ ನನ್ನದು, ಕೆಳಗೆ ಹೊತ್ತುಕೊಂಡು ಹೋಗುವುದು ಯಜಮಾನರು. ಮೊದಲ ಸಭೆಯಲ್ಲಿ ಮರವೋ ಕಬ್ಬಿಣವೋ ಎಂಬ ಚರ್ಚೆ. ಎರಡನೆಯದರಲ್ಲಿ ಎಡಕ್ಕೋ ಬಲಕ್ಕೋ ಎಂಬ ಚರ್ಚೆ. ಹತ್ತುವವರ ಎಡ ಇಳಿಯುವವರಿಗೆ ಬಲವಾಗುತ್ತದೆಂದು ಯಾರೋ ಕಂಡುಹಿಡಿದರು. ಮತ್ತೆ ನಾಲ್ಕು ಭಾನುವಾರ ಅದೇ.

"ಗೋಳಿಬಜೆ ನಿಲ್ಲಿಸು, ವರದಿ ತಾನಾಗಿ ಬರುತ್ತದೆ," ಎಂದರು ಯಜಮಾನರು.

ನಿಲ್ಲಿಸಿದೆ. ಸಭೆಯೇ ನಿಂತಿತು.

೪. ಸ್ಥಳ ಪರಿಶೀಲನೆ

ಅಷ್ಟರಲ್ಲಿ ದುರ್ಗಾಪೂಜೆ ಬಂತು. ಮನೆ ಎದುರೇ ಪೆಂಡಾಲಿಗೆ ಬಿದಿರು ಕಟ್ಟುತ್ತಿದ್ದರು. ಮುದುಕ ಮೇಸ್ತ್ರಿಯೊಬ್ಬನಿಗೆ ಬಾಲ್ಕನಿಯಿಂದಲೇ ನನ್ನ ಕಷ್ಟ ಹೇಳಿದೆ. "ಎಷ್ಟು ಮೆಟ್ಟಿಲು, ಮಾಸಿಮಾ?" ಎಂದು ಒಂದೇ ಪ್ರಶ್ನೆ ಕೇಳಿದ. ಅರ್ಧ ಗಂಟೆಯಲ್ಲಿ ಕೆಳಗಿನ ರೇಲಿಂಗಿನಿಂದ ನಮ್ಮ ಬಾಗಿಲಿನ ಗ್ರಿಲ್‌ವರೆಗೆ ಉದ್ದದ ಬಿದಿರು ಕಟ್ಟಿದ. ಅಷ್ಟಮಿಯ ದಿನ ಅದನ್ನೇ ಹಿಡಿದು ಇಳಿದು ದಕ್ಷಿಣೇಶ್ವರಕ್ಕೆ ಹೋಗಿ ಬಂದೆ.

ಪೂಜೆ ಮುಗಿದು, ಪೆಂಡಾಲು ಬಿಚ್ಚುವ ದಿನವೇ ಸಮಿತಿಗೆ ಎಚ್ಚರವಾಯಿತು. ಐವರೂ ಪರಿಶೀಲನೆಗೆ ಬಂದರು. ಬಿದಿರು ಹಿಡಿದು ಒಬ್ಬರ ಹಿಂದೊಬ್ಬರು ಏರಿದರು. ಅಧ್ಯಕ್ಷರು ಎರಡೂ ಕೈಯಲ್ಲಿ ಹಿಡಿದಿದ್ದರು. ನಮ್ಮ ಸೋಫಾದಲ್ಲಿ ಕೂತು, ಗೋಳಿಬಜೆ ತಿನ್ನುತ್ತಾ ವರದಿ ಬರೆದು ಓದಿದರು: "ಸರಾಸರಿ ವಯಸ್ಸು ಎಪ್ಪತ್ತು ದಾಟಿದ ಐವರೂ ತೊಂದರೆಯಿಲ್ಲದೆ ಮೂರನೇ ಮಹಡಿ ತಲುಪಿದ್ದೇವೆ. ಆದ್ದರಿಂದ ರೇಲಿಂಗಿನ ಅಗತ್ಯ ಕಾಣುವುದಿಲ್ಲ."

ಐವರೂ ಸಹಿ ಹಾಕಿ ಎದ್ದು, ನಮಸ್ಕಾರ ಹೇಳಿ ಬಾಗಿಲು ತೆರೆದರು. ಬಿದಿರು ಇಲ್ಲ. ಅವರು ಒಳಗೆ ಬರೆಯುತ್ತಿದ್ದಾಗ ಮೇಸ್ತ್ರಿ ಅದನ್ನೂ ಬಿಚ್ಚಿಕೊಂಡು ಹೋಗಿದ್ದ.

ಅಧ್ಯಕ್ಷರು ಒಂದು ಕಾಲು ಕೆಳಗಿಟ್ಟು, ಮತ್ತೆ ಮೇಲಕ್ಕೆ ಎಳೆದುಕೊಂಡರು. ವರದಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿದರು.

"ಬೌದಿ, ವೆಲ್ಡಿಂಗಿನವನ ನಂಬರ್ ಇದೆಯಾ?"

"ಇದೆ ದಾದಾ. ಆದರೆ ಎಡಕ್ಕೋ ಬಲಕ್ಕೋ ಇನ್ನೂ ತೀರ್ಮಾನ ಆಗಿಲ್ಲವಲ್ಲ?"

"ಎರಡೂ ಕಡೆ!" ಐವರೂ ಒಟ್ಟಿಗೇ ಕೂಗಿದರು.