ಮೂರು ಮನೆ ಕೆಳಗೆ

ನಮ್ಮ ಸೋದರಮಾವನಿಗೆ ಇರುವುದು ಒಂದೇ ಅಂಗ, ಕಿವಿ! ಕೈ, ಕಾಲು, ಹೊಟ್ಟೆ ಎಲ್ಲ ಆ ಕಿವಿಯನ್ನು ಹೊತ್ತು ತಿರುಗಲು ಇರುವ ಸಾಮಾನು ಎಂದು ನಮ್ಮತ್ತೆ ಹೇಳುತ್ತಾರೆ. ಹೆಗ್ಗದ್ದೆ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ. ಪ್ರಾಣ ಮಾತ್ರ ಸೀಕ್ವೆನ್ಸರ್ ಎಂಬ ಪೆಟ್ಟಿಗೆಯಲ್ಲಿ. ಇವರು ಕೀಬೋರ್ಡಿನಲ್ಲಿ ನುಡಿಸಿದ ಸ್ವರಗಳನ್ನೆಲ್ಲ ಅದು ನೆನಪಿಟ್ಟುಕೊಂಡು ಮತ್ತೆ ನುಡಿಸುತ್ತದೆ. ಕೀಬೋರ್ಡಿನ ಒಂದೊಂದು ಪಟ್ಟಿಗೂ ಮಾವ 'ಮನೆ' ಎನ್ನುತ್ತಾರೆ. ಗುಂಡಿ ಒತ್ತಿದರೆ ಸಾಕು, ಇಡೀ ಹಾಡು ಹಾಡುವವರ ಗಂಟಲಿಗೆ ತಕ್ಕಂತೆ ಇಷ್ಟು ಮನೆ ಮೇಲೆ, ಇಷ್ಟು ಮನೆ ಕೆಳಗೆ! ರಾತ್ರಿ ಅದಕ್ಕೆ ಕಂಬಳಿ ಹೊದಿಸುತ್ತಾರೆ. ಅತ್ತೆಗೂ ಅಷ್ಟು ಉಪಚಾರವಿಲ್ಲ.

ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಗುಂಯ್ ಎನ್ನುತ್ತದಲ್ಲ, ಮಾವನಿಗೆ ಅದೇ ತಂಬೂರಿ. ಅದರ ಶ್ರುತಿಗೆ ಹಾಡು ಕೂಡಿಸಿಕೊಂಡು ಸ್ಟೋರಿನಲ್ಲೇ ಅಭ್ಯಾಸ. ಒಂದು ದಿನ ಬೆಲ್ಟ್ ಸಡಿಲವಾಗಿ ಪಲ್ಪರ್ ನರಳತೊಡಗಿತು. ಸಾಹುಕಾರರು ಓಡಿ ಬಂದರು.

"ಏನ್ರೀ ರೈಟ್ರೇ, ಮಿಷನ್ ಸದ್ದು ಬದಲಾಗಿದ್ದು ನಿಮ್ಗೆ ಗೊತ್ತಾಗ್ಲಿಲ್ವೇನ್ರೀ?"

"ಗೊತ್ತಾಯ್ತು ಸಾರ್. ಒಂದು ಮನೆ ಇಳೀತು. ನಾನೂ ಹಾಡು ಇಳಿಸ್ಕೊಂಬುಟ್ಟೆ!"

ಇಂಥವರನ್ನು ಕಂಡು ನಗದೆ ಇರಲಾದೀತೆ? ಆದರೆ ನನ್ನ ಕತೆಯನ್ನೂ ಹೇಳಬೇಕು. ಅದಕ್ಕೆ ನಾಚಿಕೆಯಾಗುತ್ತದೆ.

ನನಗೆ ಒಳ್ಳೆಯ ಹಾಡುಗಾರ್ತಿ ಎಂಬ ಹೆಸರಿದೆ. ಇದೆ ಎಂದು ನಾನು ನಂಬಿದ್ದೇನೆ! ಬೆಳಗೋಡಿನಲ್ಲಿ ಚಿಕ್ಕಪ್ಪನ ಮಗಳ ಆರತಕ್ಷತೆ. ಹಾಡು ನನ್ನದು, ಪೆಟ್ಟಿಗೆ ಮಾವನದು. ಮಾವ ಮೆಲ್ಲಗೆ ಕೇಳಿದರು, "ಗಂಟ್ಲು ಕಟ್ಟೈತೆ ಕಣವ್ವ. ಮೂರು ಮನೆ ಇಳಿಸ್ಲಾ?"

"ಏನೂ ಬೇಡ ಮಾವ. ನಾನೇನು ಹೊಸಬಳಾ?" ಎಂದವಳೇ ಮೈಕು ಹಿಡಿದು, ಮೂಲ ಶ್ರುತಿಯಲ್ಲೇ ಹಾಡುತ್ತೇನೆಂದು ಸಭೆಗೆಲ್ಲ ಸಾರಿಬಿಟ್ಟೆ.

ಸಂಗೀತ ಶುರುವಾಯಿತು. ಪೆಟ್ಟಿಗೆಯೊಳಗೆ ಢಮ್ ಎನ್ನಬೇಕಾದ ಡ್ರಮ್ಮು ಟಿಕ್ ಟಿಕ್ ಎಂದಿತು. ಕಂಚಿನ ತಾಳದ ಸದ್ದಿರಬೇಕಾದ ಕಡೆ ಚಪ್ಪಾಳೆ! ನಾನು ಬಾಯಿ ತೆರೆಯುವ ಮೊದಲೇ ಪೆಟ್ಟಿಗೆ ನನಗೆ ಚಪ್ಪಾಳೆ ತಟ್ಟುತ್ತಿತ್ತು.

"ಹಾಡೋಕ್ ಮುಂಚೇನೇ ಮೆಚ್ಕೊಂಬುಡ್ತಲ್ಲೋ ಮಾರಾಯ!" ಎಂದು ಯಾರೋ ಕೂಗಿದರು. ಸಭೆ ಬಿದ್ದು ಬಿದ್ದು ನಕ್ಕಿತು.

ನನಗೆ ಮೈಯೆಲ್ಲ ಉರಿಯಿತು. ಮೈಕಿನಲ್ಲೇ ಅಂದೆ, "ಕ್ಷಮಿಸಿ, ನಮ್ಮ ಮಾವನ ಹತ್ತಿರ ಪೆಟ್ಟಿಗೆ ಇದೆ, ಬುದ್ಧಿ ಇಲ್ಲ."

ಮಾವ ಎದ್ದು ಕೈಮುಗಿದರು. "ನಂದೇ ತಪ್ಪು ಕಣ್ರೀ. ವಯಸ್ಸಾಯ್ತು." ಏನೋ ಒತ್ತಿ ಸರಿಮಾಡಿ ಮತ್ತೆ ಶುರುಮಾಡಿದರು. ನಾನು ಹಾಡಿದೆ. ಮೇಲಿನ ಸ್ವರ ಬೆಣ್ಣೆಯಂತೆ ಬಂತು. ಎಷ್ಟು ಸಲೀಸಾಗಿ ಬಂತೆಂದರೆ, ಅಲ್ಲೇ ಎಲ್ಲ ಅರ್ಥವಾಯಿತು. ನನಗೆ ಹೇಳದೆ ಅವರು ಹಾಡನ್ನು ಮೂರು ಮನೆ ಇಳಿಸಿದ್ದರು. ಇಳಿಸಬಾರದ ಡ್ರಮ್ಮನ್ನೂ ಅವಸರದಲ್ಲಿ ಇಳಿಸಿದ್ದರು. ಡ್ರಮ್ಮಿಗೆ ಒಂದೊಂದು ಮನೆಯಲ್ಲಿ ಒಂದೊಂದು ವಾದ್ಯ. ಮನೆ ಬದಲಾದರೆ ಸದ್ದೇ ಬೇರೆ.

ಗೊತ್ತಾದ ಮೇಲಾದರೂ ಬಾಯಿ ಬಿಟ್ಟೆನೇ? ಇಲ್ಲ. "ಎಂಥಾ ಗಂಟ್ಲವ್ವ ನಿಂದು!" ಎಂದವರಿಗೆಲ್ಲ ನಕ್ಕು ಕೈಮುಗಿದೆ. ಆಮೇಲೆ ಎರಡು ಮದುವೆಗಳಿಗೆ ನನ್ನನ್ನು ಕರೆದರು, ಮಾವನನ್ನು ಬಿಟ್ಟರು. ಎರಡಕ್ಕೂ ಹೋಗಿ ಹಾಡಿ ಬಂದೆ.

ಮೊನ್ನೆ ತಡೆಯಲಾರದೆ ಅವರ ಮನೆಗೆ ಹೋಗಿ, "ಎಲ್ಲರಿಗೂ ನಿಜ ಹೇಳಿಬಿಡ್ತೀನಿ ಮಾವ" ಎಂದೆ.

ಮಾವ ಗಾಬರಿಯಾದರು. "ಹಂಗ್ ಮಾಡ್ಬ್ಯಾಡ ಕಣವ್ವ. ಪೆಟ್ಟಿಗೆ ಸರಿ ಇಲ್ಲ ಅಂದ್ರೆ ಬೇರೆ ಪೆಟ್ಟಿಗೆ ತರ್ಬೋದು. ಗಂಟ್ಲು ಸರಿ ಇಲ್ಲ ಅಂದ್ರೆ ನಿನ್ನ ಯಾರು ಕರೀತಾರೆ?"

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಹೇಳಬೇಡ ಎಂದು ಮಾವ ಆಣೆ ಹಾಕಿಸಿಕೊಳ್ಳಲು ಬಂದರು, ನಾನು ಕೈ ಕೊಡಲಿಲ್ಲ. ಈಗ ಬರೆದೇಬಿಟ್ಟಿದ್ದೇನೆ, ಮಾವ. ಆ ದಿನ ಪೆಟ್ಟಿಗೆ ಸರಿಯಿತ್ತು, ನೀವೂ ಸರಿಯಿದ್ದಿರಿ.